ಇದನ್ನ ಬಿಡಬೇಡಿ

ನಮ್ಮ ಆಫೀಸಿನಲ್ಲಿ ಭಾವ ಅಂದರೆ ಒಬ್ಬರೇ. ನಿಜಕ್ಕೂ ಅವರು ಭಾವ ಆಗಬೇಕಾದ್ದು ನನಗೆ ಮಾತ್ರ. ನನ್ನ ಅಕ್ಕನ ಗಂಡ ಅವರು. ಆದರೆ ನಾನು ಕೆಲಸಕ್ಕೆ ಸೇರಿದ ಹೊಸತರಲ್ಲಿ ಎಲ್ಲರೆದುರು 'ಭಾವಾ' ಎಂದು ಕೂಗಿದ್ದೇ ಕೂಗಿದ್ದು, ಆಮೇಲೆ ಮ್ಯಾನೇಜರಿಂದ ಹಿಡಿದು ಕೆಳಗಿನ ಟೈರ್ ಅಂಗಡಿಯವರವರೆಗೆ ಊರಿಗೆಲ್ಲ ಅವರು ಭಾವ ಆಗಿಬಿಟ್ಟರು. ಹೊಸಬರಲ್ಲಿ ಒಬ್ಬ ಮಹಾರಾಯ ಅದೇ ಅವರ ಹೆಸರು ಅಂದುಕೊಂಡು 'ಮಾನ್ಯ ಭಾವ ಸರ್' ಎಂದು ಮೇಲ್ ಕಳಿಸಿದ್ದ. ಭಾವ ಅದನ್ನು ಓದಿ ನಗಲೂ ಇಲ್ಲ, ಸಿಟ್ಟಾಗಲೂ ಇಲ್ಲ, 'ಸರಿ, ಏನು ಬೇಕು ಹೇಳಪ್ಪ' ಎಂದು ಉತ್ತರ ಬರೆದರು. ಅವರು ಇದ್ದದ್ದೇ ಹಾಗೆ.

ಆಫೀಸು ಟೈರ್ ಅಂಗಡಿಯ ಮೇಲಿನ ಮಹಡಿಯಲ್ಲಿತ್ತು. ಕಿಟಕಿ ತೆಗೆದರೆ ರಬ್ಬರ್ ವಾಸನೆ, ಮುಚ್ಚಿದರೆ ಉಸಿರು ಕಟ್ಟುವ ಸೆಕೆ. ಲಿಫ್ಟ್ ಇತ್ತು, ಅದರಲ್ಲಿ ಹಳೇ ಕುರ್ಚಿಗಳನ್ನು ತುಂಬಿಟ್ಟಿದ್ದರು. ಭಾವನ ಮೇಜು ಗೋಡೆಯ ಕಡೆಯ ಮೂಲೆಯಲ್ಲಿ, ಪಕ್ಕದ್ದು ಅಕ್ಕನ ಮೇಜು. ಅಕ್ಕ ತೀರಿಕೊಂಡ ಮೇಲೆ ಆ ಮೇಜಿನಲ್ಲಿ ಯಾರೂ ಕೂರಲಿಲ್ಲ. ಯಾರೂ ಬೇಡ ಅಂದಿರಲಿಲ್ಲ, ಆದರೂ ಕೂರಲಿಲ್ಲ. ಎದುರುಗಡೆ ಅವಳ ತಂಗಿ ನಾನು. ಎಲ್ಲರೂ ಬರೆದದ್ದನ್ನು ಮುರಿದು ನೋಡುವುದು, ಎಲ್ಲಿ ಬೀಳುತ್ತದೆ ಎಂದು ಹುಡುಕುವುದು ನನ್ನ ಕೆಲಸ. ತಪ್ಪು ಎತ್ತಿ ಆಡುವ ನನ್ನ ಬಾಯಿಗೆ ಇದು ಸರಿಯಾದ ಕೆಲಸ ಎಂದು ಅಮ್ಮ ಹೇಳುತ್ತಿದ್ದಳು.

ನಾವು ಮಾಡುತ್ತಿದ್ದುದು ಒಂದು ಡೇಟಾಬೇಸ್ ಸರ್ವರ್. ಅಂದರೆ, ಬಸ್ ಟಿಕೆಟ್ ಬೇಕಾದವರು ಫೋನಿನಲ್ಲಿ 'ನಾಳೆ ಬೆಳಗ್ಗೆ ಯಾವ ಸೀಟು ಖಾಲಿ ಇದೆ' ಎಂದು ಒತ್ತಿದಾಗ ಎಲ್ಲೋ ಒಂದು ಯಂತ್ರದೊಳಗೆ ಕೂತು ಹುಡುಕಿ, ಜೋಡಿಸಿ, ಉತ್ತರ ಕೊಡುವ ಪ್ರೋಗ್ರಾಮು. ಹುಡುಕುವುದಕ್ಕೂ ಜೋಡಿಸುವುದಕ್ಕೂ ಅದಕ್ಕೆ ಜಾಗ ಬೇಕು. ಮೆಮೊರಿ ಎನ್ನುತ್ತಾರಲ್ಲ, ಅದು. ಕೇಳಿದವರಿಗೆ ಜಾಗ ಕೊಡುವುದು, ಕೆಲಸ ಮುಗಿದ ಮೇಲೆ ಅದನ್ನು ವಾಪಸು ಪಡೆಯುವುದು, ಇಷ್ಟನ್ನು ನೋಡಿಕೊಳ್ಳುವ ಕೋಡ್ ಭಾವನದು. ನಮ್ಮ ಆಫೀಸಿನ ಭಾಷೆಯಲ್ಲಿ ಇದಕ್ಕೆ 'ಹಿಡಿಯೋದು, ಬಿಡೋದು' ಎಂದು ಹೆಸರು. ಜಾಗ ಹಿಡಿ, ಕೆಲಸ ಮಾಡು, ಜಾಗ ಬಿಡು. ಹಿಡಿದವರು ಬಿಡದೇ ಹೋದರೆ ಸರ್ವರ್ ದಿನದಿಂದ ದಿನಕ್ಕೆ ಊದುತ್ತಾ ಹೋಗಿ, ಒಂದು ದಿನ ದೊಪ್ಪನೆ ಬೀಳುತ್ತದೆ.

'ಹಿಡಿದಿದ್ದನ್ನ ಬಿಡ್ರಪ್ಪಾ, ಅದೇನು ನಿಮ್ಮ ತಾತನ ಆಸ್ತಿನಾ?' ಎಂದು ಭಾವ ಹೊಸಬರಿಗೆ ಹೇಳುತ್ತಿದ್ದರು. ಅವರು ಆಡುತ್ತಿದ್ದ ಒಂದೇ ಒಂದು ಜೋಕು ಅದು. ಅಕ್ಕ ಇದ್ದಾಗ ಇದಕ್ಕೂ ಮೂತಿ ತಿರುವುತ್ತಿದ್ದಳು.

ಆ ಕೋಡಿನ ತಲೆಯೆಲ್ಲ ಅಕ್ಕನದು. ಮುಂಚೆ ಪ್ರತಿಯೊಬ್ಬರೂ ತಾವು ಹಿಡಿದ ಒಂದೊಂದು ತುಣುಕನ್ನೂ ನೆನಪಿಟ್ಟುಕೊಂಡು ಬಿಡಬೇಕಿತ್ತು, ಯಾರು ನೆನಪಿಡುತ್ತಾರೆ? ಅಕ್ಕ 'ಬುಟ್ಟಿ' ತಂದಳು. ಒಂದು ಪ್ರಶ್ನೆ ಬಂದರೆ ಅದಕ್ಕೊಂದು ಬುಟ್ಟಿ. ಆ ಪ್ರಶ್ನೆಗೆ ಬೇಕಾದದ್ದೆಲ್ಲ ಅದರಲ್ಲೇ. ಉತ್ತರ ಕೊಟ್ಟಾದ ಮೇಲೆ ಬುಟ್ಟಿಯನ್ನು ಒಂದೇ ಸಲ ಮಗುಚಿದರೆ ಎಲ್ಲ ಖಾಲಿ. ಆ ದಿನ ಮ್ಯಾನೇಜರ್ ಎದ್ದು ಬಂದು ಅಕ್ಕನ ಮೇಜಿನ ಹತ್ತಿರ ನಿಂತು 'ಭೇಷ್' ಎಂದಿದ್ದರು. ಅಕ್ಕ 'ಹೂಂ' ಎಂದಳು, ಅಷ್ಟೇ.

ಅಕ್ಕನಿಗೆ ಮಾತು ಅಂದರೆ ಖರ್ಚು. ನಾನು ಒಂದು ಗಂಟೆ ಬಡಬಡಿಸುವುದನ್ನು ಅವಳು ಎರಡು ಪದದಲ್ಲಿ ಮುಗಿಸುತ್ತಿದ್ದಳು. ಕೋಡಿನ ನಡುನಡುವೆ ಓದುವವರಿಗಾಗಿ ಟಿಪ್ಪಣಿ ಬರೆಯುವುದು ಎಲ್ಲರಿಗೂ ರೂಢಿ. ಉಳಿದವರದು ಇಂಗ್ಲಿಷಿನಲ್ಲಿ ಉದ್ದುದ್ದ. ಅಕ್ಕನದು ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ, ಅದೂ ಗಂಡನಿಗೆ ಮಾತ್ರ, ಯಾಕೆಂದರೆ ಆ ಫೈಲನ್ನು ಮುಟ್ಟುತ್ತಿದ್ದವರು ಅವರಿಬ್ಬರೇ. 'ಇಲ್ಲಿ ಹುಷಾರು.' 'ಇದು ನಿಮ್ಮದೇ ತಪ್ಪು.' 'ನಾಳೆ ನೋಡ್ತೀನಿ.' ಮನೆಯಲ್ಲಿ ಆಡದ ಮಾತನ್ನೂ ಅವಳು ಅಲ್ಲಿ ಆಡುತ್ತಿದ್ದಳು ಎಂದು ನನಗೆ ಅನುಮಾನ.

ಅವಳು ಕೊನೆಗೆ ಬರೆಯುತ್ತಿದ್ದದ್ದು ಅರ್ಧಕ್ಕೆ ನಿಂತ ಪ್ರಶ್ನೆಗಳ ವಿಚಾರ. ಟಿಕೆಟ್ ನೋಡುತ್ತಿದ್ದವನು ಬೇಸರವಾಗಿ ನಡುವೆಯೇ ಪರದೆ ಮುಚ್ಚಿದ ಅನ್ನಿ. ಉತ್ತರ ಕೊಡುವುದೇ ಇಲ್ಲವಲ್ಲ, ಹಾಗಾಗಿ ಬುಟ್ಟಿ ಮಗುಚುವ ಹೊತ್ತೂ ಬರುವುದಿಲ್ಲ. ಅದಕ್ಕೆಂದೇ ಒಂದು ಶುಚಿ ಮಾಡುವ ಭಾಗ ಬೇಕಿತ್ತು: ಒಂದೊಂದನ್ನೂ ಹುಡುಕಿ ಬಿಡುತ್ತಾ ಬರುವ ಭಾಗ. ಅಕ್ಕ ಅದನ್ನು ಶುರು ಮಾಡಿದಳು, ಯಾವ ಯಾವುದನ್ನು ನೋಡಬೇಕು ಎಂದು ಸಾಲಾಗಿ ಗುರುತು ಹಾಕಿಕೊಂಡಳು. ಅಷ್ಟರಲ್ಲಿ ಹೊಟ್ಟೆನೋವು ಜೋರಾಗಿ ಆಸ್ಪತ್ರೆಗೆ ಸೇರಿಸಬೇಕಾಯಿತು. ಹೊರಡುವ ಬೆಳಗ್ಗೆ, ಬ್ಯಾಗು ಬಾಗಿಲಲ್ಲಿ ಇಟ್ಟುಕೊಂಡೇ, ಲ್ಯಾಪ್‌ಟಾಪ್ ತೆಗೆದು ಕೊನೆಯ ಗುರುತಿನ ಮೇಲೆ ಒಂದು ಸಾಲು ಬರೆದು ಕಳಿಸಿದಳು. ಆ ಕೊನೆಯದು ಸೀಟುಗಳನ್ನು ಬೆಲೆಯ ಪ್ರಕಾರ ಜೋಡಿಸುವ ಬುಟ್ಟಿ. ಅದೊಂದನ್ನು ಮಾತ್ರ ಪ್ರಶ್ನೆಯ ಬುಟ್ಟಿಯೊಳಗೆ ಇಡದೆ ಹೊರಗೆ ಬೇರೆ ಕಡೆ ನೇತುಹಾಕಿದ್ದಳು. ಅವಳು ಬರೆದ ಸಾಲು ಇದು:

'ಇದನ್ನ ಬಿಡಬೇಡಿ.'

ಅಕ್ಕ ಆಸ್ಪತ್ರೆಯಿಂದ ಮನೆಗೆ ಬರಲಿಲ್ಲ.

ಮಿಕ್ಕಿದ್ದನ್ನು ಭಾವ ಬರೆದು ಮುಗಿಸಿದರು. ಅಕ್ಕ ಗುರುತು ಹಾಕಿದ್ದ ಒಂದೊಂದನ್ನೂ ಬಿಡುತ್ತಾ ಬಂದರು. ಕೊನೆಯದಕ್ಕೆ ಬಂದಾಗ ನಿಂತರು. ಇದನ್ನ ಬಿಡಬೇಡಿ ಅಂದಿದ್ದಾಳೆ. ಬಿಡಲಿಲ್ಲ. ಯಾಕೆ ಬಿಡಬಾರದು ಎಂದು ಕೂತು ಯೋಚಿಸಿದರು. ಅವಳು ಸುಮ್ಮಸುಮ್ಮನೆ ಬರೆಯುವವಳಲ್ಲ. ಆ ಬುಟ್ಟಿಯಲ್ಲಿರುವುದು ಆಮೇಲೆ ಇನ್ಯಾರಿಗೋ ಬೇಕಾಗಬಹುದು, ಅವರು ಓದುತ್ತಿರುವಾಗ ಕಾಲಡಿಯ ಜಾಗ ಎಳೆದಂತಾದರೆ ಸರ್ವರ್ ಬೀಳಬಹುದು, ಹೀಗೆ ಕಾರಣ ಕಟ್ಟಿದರು. ಅಕ್ಕನ ಆ ಎರಡು ಪದದ ಕೆಳಗೆ ಇಂಗ್ಲಿಷಿನಲ್ಲಿ ಇಷ್ಟುದ್ದ ಭಾಷ್ಯ ಬರೆದರು. ಹೊಸಬರು ಅದನ್ನು ಓದಿ, ಅರ್ಥವಾಗದೆ, ಏನೋ ಘನವಾದದ್ದು ಇರಬೇಕು ಎಂದು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು.

ವರ್ಷಗಳು ಹೋದವು. ಮೊದಲೆಲ್ಲ ಟಿಕೆಟ್ ಕೊಡುತ್ತಿದ್ದುದು ಕೌಂಟರಿನಲ್ಲಿ; ಅರ್ಧಕ್ಕೆ ಎದ್ದು ಹೋಗುವವರು ಅಪರೂಪ. ಆಮೇಲೆ ಎಲ್ಲ ಫೋನಿಗೆ ಬಂತು. ಜನಕ್ಕೆ ಚಿಟಿಕೆ ಹೊಡೆಯುವಷ್ಟು ತಾಳ್ಮೆ ಇಲ್ಲ, ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು. ಸರ್ವರ್ ಊದತೊಡಗಿತು. ಬಸ್ ಕಂಪನಿಯವರು ಫೋನ್ ಮಾಡಿ ಮಾಡಿ ಸಾಕಾಗಿ, ತಾವೇ ವಾರಕ್ಕೊಮ್ಮೆ ಅದನ್ನು ನಿಲ್ಲಿಸಿ ಮತ್ತೆ ಶುರು ಮಾಡುವ ಪದ್ಧತಿ ಇಟ್ಟುಕೊಂಡರು. ನಿಲ್ಲಿಸಿದ ಹೊತ್ತಿನಲ್ಲಿ ಒಂದೇ ಸೀಟನ್ನು ಇಬ್ಬರಿಗೆ ಮಾರಿದ ಪ್ರಸಂಗವೂ ಆಯಿತು.

ಹಿಡಿದ ಜಾಗ ವಾಪಸು ಬಾರದೆ ಎಲ್ಲಿ ಸೋರಿಹೋಗುತ್ತಿದೆ? ಭಾವ ಹುಡುಕದ ಜಾಗ ಇಲ್ಲ. ಕಣ್ಣಲ್ಲಿ ಕಣ್ಣಿಟ್ಟು ಹುಡುಕಿದರು. ಸೋರಿಕೆ ಹಿಡಿಯುವ ಸಾಧನಗಳು ಬರುತ್ತವೆ, ಅವನ್ನು ಸರ್ವರ್ ಮೇಲೆ ಓಡಿಸಿ ನೋಡಿದರು. ಅವು 'ಎಲ್ಲ ಜಾಗಕ್ಕೂ ಹಿಡಿದವರು ಒಬ್ಬರು ಇದ್ದಾರೆ, ಅನಾಥವಾಗಿ ಏನೂ ಬಿದ್ದಿಲ್ಲ' ಎಂದವು. ಅದು ಸುಳ್ಳೂ ಅಲ್ಲ. ಅಕ್ಕನ ಬುಟ್ಟಿಯನ್ನು ಸರ್ವರ್ ಹಿಡಿದುಕೊಂಡೇ ಇತ್ತಲ್ಲ.

ಒಂದು ಮಧ್ಯಾಹ್ನ ಮ್ಯಾನೇಜರ್ ನಮ್ಮನ್ನೆಲ್ಲ ಕೂರಿಸಿಕೊಂಡರು. ಅವರೇನೂ ಕೆಟ್ಟ ಮನುಷ್ಯರಲ್ಲ. ತಲೆ ಬಗ್ಗಿಸಿ ಹೇಳಿದರು: 'ನೋಡಿ, ಈ ಸೋರಿಕೆ ಸಿಕ್ಕಿದ್ರೆ ಸರಿ. ವರ್ಷ ಮುಗಿಯೋದ್ರೊಳಗೆ ಸಿಗ್ಲಿಲ್ಲ ಅಂದ್ರೆ ಗಿರಾಕಿಗಳನ್ನ ಬೇರೆ ರೆಡಿಮೇಡ್ ಸರ್ವರ್‌ಗೆ ಹಾಕ್ತೀವಿ. ನಮ್ಮದಕ್ಕೆ ಬೀಗ. ಮೇಲಿನವರು ತೀರ್ಮಾನ ಮಾಡಿ ಆಯ್ತು.'

ಉಳಿದವರಿಗೆ ಅದು ಕೆಲಸ, ಇದಿಲ್ಲದಿದ್ದರೆ ಇನ್ನೊಂದು. ಭಾವ ಮಾತ್ರ ಕೈಯಲ್ಲಿದ್ದ ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತಿದ್ದರು.

ಮೆಟ್ಟಿಲಿಳಿಯುವಾಗ ನನಗೆ ಹೇಳಿದರು: 'ಮನೇಲಿ ಅವಳ ಬಟ್ಟೆ ಎಲ್ಲ ಕೊಟ್ಟಾಯ್ತು. ಫೋಟೋ ನೋಡಕ್ಕೆ ನನ್ನ ಕೈಲಿ ಆಗಲ್ಲ. ಇಲ್ಲಿ ಬಂದು ಆ ಫೈಲ್ ತೆಗೆದ್ರೆ ಮಾತ್ರ, ಬೈತಾಳೆ, ಹುಷಾರು ಅಂತಾಳೆ, ನಾಳೆ ನೋಡ್ತೀನಿ ಅಂತಾಳೆ. ಇದೂ ಹೋದ್ರೆ ನನಗೆ ಏನಿದೆ ಹೇಳು?'

ಅವಳು ನನಗೂ ಅಕ್ಕನೇ.

ನಾನೂ ಹುಡುಕಲು ಕೂತೆ. ಪ್ರಶ್ನೆಗಳನ್ನು ಅರ್ಧಕ್ಕೆ ಕತ್ತರಿಸುತ್ತಾ ಹೋದರೆ ಸರ್ವರ್ ಊದುವುದು ಎದ್ದು ಕಾಣುತ್ತಿತ್ತು. ಹಾಗಾದರೆ ಶುಚಿ ಮಾಡುವ ಭಾಗದಲ್ಲೇ ಏನೋ ಇದೆ. ಅಲ್ಲಿ ಬಿಡದೆ ಉಳಿದಿರುವುದು ಒಂದೇ. ಭಾವನ ಹತ್ತಿರ ಹೋದೆ.

'ಭಾವ, ಆ ಬೆಲೆ ಜೋಡಿಸೋ ಬುಟ್ಟಿ ಇದೆಯಲ್ಲ, ಒಂದ್ಸಲ ಬಿಟ್ಟು ನೋಡೋಣ.'

'ಅದನ್ನ ಮುಟ್ಟಬೇಡ.'

'ನೋಡೋಣ ಅಂದೆ ಅಷ್ಟೇ. ಬಿದ್ರೆ ನನ್ನ ಯಂತ್ರದಲ್ಲಿ ಬೀಳುತ್ತೆ, ಯಾರ ಗಂಟು ಹೋಗುತ್ತೆ?'

'ಬಿಡಬೇಡಿ ಅಂತ ನಿಮ್ಮಕ್ಕ ಬರೆದಿದ್ದಾಳೆ. ಓದಕ್ಕೆ ಬರಲ್ವಾ ನಿನಗೆ?'

ಭಾವ ದನಿ ಏರಿಸಿದ್ದನ್ನು ಆಫೀಸು ಅದೇ ಮೊದಲು ಕೇಳಿದ್ದು. ನನಗೂ ರೇಗಿತು. 'ಅಕ್ಕ ಏನು ದೇವರಾ? ಅವಳೂ ತಪ್ಪು ಮಾಡ್ತಿದ್ಳು' ಎಂದು ಬಾಯಿಗೆ ಬಂದದ್ದು ಹೇಳಿ ನನ್ನ ಕುರ್ಚಿಗೆ ಹೋಗಿ ಕೂತೆ. ಅವರು ಎದ್ದು ಹೋಗಿ ಆ ಫೈಲಿಗೆ ತಮ್ಮ ಹೊರತು ಯಾರೂ ಕೈ ಹಾಕದಂತೆ ಬೀಗ ಹಾಕಿಸಿದರು. ಅಕ್ಕ ತಪ್ಪು ಮಾಡುವವಳಲ್ಲ ಎಂದು ಅವರ ಪಟ್ಟು. ಇದರಲ್ಲಿ ಮಾತ್ರ ಅವರದೇ ಸರಿಯಾಯಿತು.

ವರ್ಷ ಮುಗಿಯಿತು, ಸೋರಿಕೆ ಸಿಗಲಿಲ್ಲ. ಗಿರಾಕಿಗಳನ್ನು ಒಬ್ಬೊಬ್ಬರಾಗಿ ಹೊಸ ಸರ್ವರಿಗೆ ಸಾಗಿಸಿದರು. ಸಣ್ಣ ಕಂಪನಿಗಳು ಮೊದಲು, ಬಸ್ಸಿನವರು ಕೊನೆಗೆ. ಪ್ರತಿ ಸಲ ಒಬ್ಬರು ಹೋದಾಗಲೂ ನನ್ನ ಪರದೆಯಲ್ಲಿ ಒಂದು ಹಸಿರು ಚುಕ್ಕೆ ಆರುತ್ತಿತ್ತು. ಭಾವ ಅದನ್ನು ನೋಡಲು ಬರುತ್ತಿರಲಿಲ್ಲ. ತಮ್ಮ ಮೂಲೆಯಲ್ಲಿ ಕೂತು ಇನ್ನೂ ಹುಡುಕುತ್ತಿದ್ದರು. ಊಟ ಅಷ್ಟಕ್ಕಷ್ಟೇ, ಬಿಪಿ ಏರಿತ್ತು, ಡಾಕ್ಟರು ದಿನಕ್ಕೊಂದು ಮಾತ್ರೆ ಬರೆದುಕೊಟ್ಟಿದ್ದರು. ಅದನ್ನು ಕೊಡುವ ಜವಾಬ್ದಾರಿಯನ್ನು ಅಮ್ಮ ನನ್ನ ಕೊರಳಿಗೆ ಕಟ್ಟಿದ್ದಳು.

ಬಸ್ ಕಂಪನಿಯನ್ನು ಸಾಗಿಸಿದ ದಿನವೇ ಅದು ಆದದ್ದು. ಬೆಳಗ್ಗೆ ಕೊನೆಯ ಚುಕ್ಕೆ ಆರಿತು. ಮಧ್ಯಾಹ್ನ ಊಟದ ಡಬ್ಬಿ ಭಾವನ ಮೇಜಿನ ಮೇಲಿಟ್ಟು, ಪಕ್ಕದಲ್ಲಿ ಮಾತ್ರೆ ಇಟ್ಟು, ನನ್ನ ಪಾಡಿಗೆ ಹೇಳಿದೆ: 'ಊಟ ಆದ್ಮೇಲೆ ಮಾತ್ರೆ. ಇದನ್ನ ಬಿಡಬೇಡಿ.'

ಎರಡು ಹೆಜ್ಜೆ ಹೋಗಿದ್ದೆ.

'ಏನಂದೆ?'

'ಮಾತ್ರೆ ತಗೊಳ್ಳಿ ಅಂದೆ.'

'ಹಾಗಲ್ಲ. ಹೇಗಂದೆ?'

'ಇದನ್ನ ಬಿಡಬೇಡಿ ಅಂದೆ. ಯಾಕೆ ಭಾವ?'

ಭಾವ ಮಾತ್ರೆಯನ್ನು ಅಂಗೈಯಲ್ಲಿಟ್ಟುಕೊಂಡು ಅದನ್ನೇ ನೋಡುತ್ತಿದ್ದರು. 'ಬಿಡಬೇಡಿ ಅಂದ್ರೆ ತಗೋಬೇಕು ಅಂತ.'

'ಮತ್ತಿನ್ನೇನು, ತಗೋಬಾರದು ಅಂತಲಾ?' ಎಂದು ನಕ್ಕುಬಿಟ್ಟೆ. ನಕ್ಕ ಬಾಯಿ ಹಾಗೇ ನಿಂತಿತು.

ಅಯ್ಯೋ ಅಕ್ಕ! ಅವಳು ದಿನಾ ಆಡುತ್ತಿದ್ದ ಮಾತು. ಬಾಗಿಲಲ್ಲಿ ನಿಂತು ಭಾವನಿಗೆ 'ಛತ್ರಿ ಬಿಡಬೇಡಿ' ಅನ್ನುತ್ತಿದ್ದಳು. ಸಂತೆಯ ಚೀಲ ಕೈಗೆ ಕೊಟ್ಟು 'ಉಪ್ಪು ಬಿಡಬೇಡಿ' ಅನ್ನುತ್ತಿದ್ದಳು. ಮರೆತು ಬಿಟ್ಟುಹೋಗಬೇಡಿ, ತಪ್ಪಿಸಬೇಡಿ ಎಂದು ಅರ್ಥ. ಈ ಬುಟ್ಟಿ ಬೇರೆ ಕಡೆ ನೇತಾಡುತ್ತಿದೆ, ಶುಚಿ ಮಾಡುವಾಗ ಇದನ್ನೊಂದು ಮರೆತುಬಿಡುತ್ತೀರಿ, ಜೋಕೆ ಎಂದು ಹೇಳಿ ಹೋಗಿದ್ದಾಳೆ. ಹಿಡಿಯುವುದು ಬಿಡುವುದು ಎಂದು ಹಗಲೂ ರಾತ್ರಿ ಅದನ್ನೇ ಆಡಿ ಆಡಿ, ನಮ್ಮ ಕಿವಿಗೆ ಆ ಮಾತಿನ ಮನೆಯ ಅರ್ಥವೇ ಸತ್ತುಹೋಗಿತ್ತು. ಆ ಸಾಲನ್ನು ಎಲ್ಲರ ಹಾಗೆ ಇಂಗ್ಲಿಷಿನಲ್ಲಿ ಬರೆದಿದ್ದರೆ ಈ ಎಡವಟ್ಟು ಆಗುತ್ತಿರಲಿಲ್ಲ. ನನಗೆ ಅಕ್ಕನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಇನ್ನೊಂದೇ ಒಂದು ಪದ ಬರೆದಿದ್ದರೆ ನಿನ್ನ ಗಂಟೇನು ಹೋಗುತ್ತಿತ್ತೇ, ಜಿಪುಣಿ?

ಭಾವ ಡಬ್ಬಿಯನ್ನು ಪಕ್ಕಕ್ಕೆ ಸರಿಸಿ ಫೈಲ್ ತೆಗೆದರು. ಅಕ್ಕನ ಸಾಲಿನ ಕೆಳಗೆ ಒಂದು ಸಾಲು ಬರೆದರು. ಬುಟ್ಟಿಯನ್ನು ಬಿಡುವ ಸಾಲು. ಅಷ್ಟೇ ಕೆಲಸ, ಒಂದು ಸಾಲು.

'ಓಡಿಸು' ಎಂದರು.

ನನ್ನ ಯಂತ್ರದಲ್ಲಿ ಓಡಿಸಿದೆ. ಪ್ರಶ್ನೆ ಕಳಿಸುವುದು, ಅರ್ಧಕ್ಕೆ ಕತ್ತರಿಸುವುದು, ಕಳಿಸುವುದು, ಕತ್ತರಿಸುವುದು. ಇಷ್ಟು ವರ್ಷ ಏಣಿ ಹತ್ತಿದ ಹಾಗೆ ಮೇಲೇರುತ್ತಿದ್ದ ಗೆರೆ ಈಗ ನೆಲ ಹಿಡಿದು ಮಲಗಿತ್ತು. ಸರ್ವರ್ ಬೀಳಲೂ ಇಲ್ಲ, ಯಾರ ಕಾಲಡಿಯ ಜಾಗವೂ ಹೋಗಲಿಲ್ಲ. ಭಾವ ಕಟ್ಟಿದ ಕಾರಣಗಳಲ್ಲಿ ಒಂದೂ ನಿಜವಲ್ಲ. ನಾವಿಬ್ಬರೂ ಆ ಗೆರೆಯನ್ನು ನೋಡುತ್ತಾ ಕೂತೆವು. ಇಂಥ ಗೆರೆ ಕಂಡರೆ ಕುಣಿಯಬೇಕು ಎಂದು ಎಷ್ಟು ಸಲ ಅಂದುಕೊಂಡಿದ್ದೆವೋ.

ನಾನೇ ಮ್ಯಾನೇಜರನ್ನು ಕರೆತಂದೆ. ಅವರು ನೋಡಿದರು, ಕನ್ನಡಕ ತೆಗೆದು ಒರೆಸಿಕೊಂಡು ಮತ್ತೆ ನೋಡಿದರು. 'ಎಷ್ಟು ಸಣ್ಣದು' ಎಂದರು. ಆಮೇಲೆ ಭಾವನ ಭುಜದ ಮೇಲೆ ಕೈಯಿಟ್ಟರು. 'ಭಾವ, ಒಂದು ತಿಂಗಳು ಮುಂಚೆ ಸಿಕ್ಕಿದ್ರೆ ನಾನು ಯಾರ ಕಾಲಾದ್ರೂ ಹಿಡಿತಿದ್ದೆ. ಈಗ ಇದನ್ನ ಯಾರಿಗೆ ಕೊಡ್ಲಿ? ಒಬ್ಬ ಗಿರಾಕಿನೂ ಉಳಿದಿಲ್ಲ.'

'ಗೊತ್ತು' ಎಂದರು ಭಾವ.

'ಸಂಜೆ ಕೋಡಿಗೆ ಬೀಗ ಹಾಕ್ತಾರೆ.'

'ಅಷ್ಟರೊಳಗೆ ಸೇರಿಸ್ತೀನಿ. ಸೇರಿಸಬಹುದಲ್ಲ?'

'ಸೇರಿಸಿ ಭಾವ. ಅದಕ್ಕೇನು.'

ಭಾವ ತಾವು ಬರೆದಿದ್ದ ಭಾಷ್ಯವನ್ನೆಲ್ಲ ಅಳಿಸಿದರು. ಅಕ್ಕನ ಸಾಲನ್ನು ಮುಟ್ಟಲಿಲ್ಲ, ಮುಟ್ಟಬೇಕಾಗಿಯೂ ಇರಲಿಲ್ಲ. ಮೇಲೆ 'ಇದನ್ನ ಬಿಡಬೇಡಿ', ಕೆಳಗೆ ಬಿಡುವ ಸಾಲು. ಈಗ ಅವಳು ಹೇಳಿದ್ದು ನೆಟ್ಟಗೆ ಕೂತಿತ್ತು. ಪರೀಕ್ಷೆ ಮಾಡಿದವಳು ನಾನು, ಒಪ್ಪಿಗೆ ಒತ್ತಬೇಕಾದವಳೂ ನಾನು. ಒತ್ತಿದೆ. ಇನ್ನು ಯಾರೂ ಓಡಿಸದ ಸರ್ವರ್ ಇನ್ನು ಯಾವತ್ತೂ ಸೋರುವುದಿಲ್ಲ.

ಸಂಜೆ ಬೀಗ ಬಿತ್ತು. ಫೈಲ್ ತೆರೆದರೆ 'ಅನುಮತಿ ಇಲ್ಲ' ಎಂದು ಬಂತು. ಭಾವ ಅದನ್ನು ಒಂದು ಸಲ ಓದಿ, ಪರದೆ ಆರಿಸಿ, ತಣ್ಣಗಾದ ಡಬ್ಬಿಯನ್ನು ಚೀಲಕ್ಕೆ ಹಾಕಿಕೊಂಡರು. ಮೆಟ್ಟಿಲ ತಿರುವಿನಲ್ಲಿ ಕಂಬಿ ಹಿಡಿದು ನಿಂತುಬಿಟ್ಟರು. ಕೆಳಗೆ ಟೈರಿಗೆ ಗಾಳಿ ತುಂಬುವ ಸದ್ದು ಜೋರಾಗಿತ್ತು. ಆ ಸದ್ದಿನಲ್ಲೇ ಹೇಳಿದರು.

'ನಿಮ್ಮಕ್ಕ ನನ್ನ ಹತ್ರ ಏನೂ ಕೇಳ್ತಿರಲಿಲ್ಲ ಕಣಮ್ಮ. ಸೀರೆ ಬೇಕಾ ಅಂದ್ರೆ ಬೇಡ, ಊರು ನೋಡಬೇಕಾ ಅಂದ್ರೆ ಬೇಡ. ಕೇಳಿದ್ದು ಇದೊಂದು. ಅದನ್ನೇ ಬಿಟ್ಟೆ.'

'ನೀವು ಅವಳ ಮಾತು ಮೀರಬಾರದು ಅಂತಲೇ ಅಲ್ವಾ ಭಾವ ಹಾಗೆ ಮಾಡಿದ್ದು' ಎಂದೆ. ಅವರು ತಲೆ ಅಲ್ಲಾಡಿಸಿದರು, ಹೌದು ಎಂದೋ ಅಲ್ಲ ಎಂದೋ ತಿಳಿಯಲಿಲ್ಲ. ಅಲ್ಲೇ ಮೆಟ್ಟಿಲ ಮೇಲೆ ಕೂತು ಮಗುವಿನ ಹಾಗೆ ಅತ್ತರು. ಅಕ್ಕ ಹೋದ ದಿನವೂ ಅವರು ಹೀಗೆ ಅತ್ತಿರಲಿಲ್ಲ. ಟೈರ್ ಅಂಗಡಿಯವರು ಮೇಲೆ ಹತ್ತಿ ಬಂದು, ನಮ್ಮನ್ನು ನೋಡಿ, ಏನೂ ಕೇಳದೆ ಇಳಿದು ಹೋದರು.

ಹೊಸ ಸರ್ವರಿನ ಕೆಲಸ ಕೊಡುತ್ತೇವೆ ಎಂದು ಮ್ಯಾನೇಜರ್ ಎರಡು ಮೂರು ಸಲ ಕರೆ ಮಾಡಿದರು. ಭಾವ ಹೋಗಲಿಲ್ಲ. ಈಗ ಮನೆಯಲ್ಲೇ ಇರುತ್ತಾರೆ. ಕಿಟಕಿಯ ಪಕ್ಕದ ಕುರ್ಚಿ, ಎದುರಿಗೆ ಮುಚ್ಚಿದ ಲ್ಯಾಪ್‌ಟಾಪ್. ನಾನು ದಿನಾ ಕೆಲಸಕ್ಕೆ ಹೋಗುವ ಮುಂಚೆ ನೀರು, ಮಾತ್ರೆ ತೆಗೆದುಕೊಂಡು ಹೋಗುತ್ತೇನೆ. ಬಿಡಬೇಡಿ ಎನ್ನುವ ಮಾತು ನಮ್ಮ ಮನೆಯಲ್ಲಿ ಈಗ ಯಾರ ಬಾಯಲ್ಲೂ ಬರುವುದಿಲ್ಲ. ಅಮ್ಮನೂ ತಡವರಿಸಿ ನುಂಗಿಕೊಳ್ಳುತ್ತಾಳೆ.

'ಭಾವ, ಮಾತ್ರೆ ತಗೊಳ್ಳಿ' ಎನ್ನುತ್ತೇನೆ.

'ತಗೊಂಡು ಏನಾಗಬೇಕು?' ಎನ್ನುತ್ತಾರೆ.

ನಾನು ಲೋಟ ಹಿಡಿದುಕೊಂಡು ನಿಂತಿರುತ್ತೇನೆ.